ಋಷಿಮೂಲ, ನದೀಮೂಲ, ಸರಕುಮೂಲ

ಋಷಿಮೂಲವನ್ನೂ ನದೀಮೂಲವನ್ನೂ ಕೆದಕಬಾರದೆಂದು ಹಿರಿಯರು ಹೇಳಿಟ್ಟಿದ್ದಾರೆ. ಸರಕಿನ ಮೂಲದ ವಿಷಯದಲ್ಲಿ ಅವರು ಏನನ್ನೂ ಹೇಳದೆ ಬಿಟ್ಟದ್ದರಿಂದಲೋ ಏನೋ, ಲೋಕದ ಸುಂಕದ ಕಟ್ಟೆಗಳವರು ಆ ಕೆಲಸವನ್ನು ಬಲು ಉತ್ಸಾಹದಿಂದ ಕೈಗೆತ್ತಿಕೊಂಡಿದ್ದಾರೆ. ಹಡಗಿನಿಂದಿಳಿದ ಮೂಟೆಯ ಮುಂದೆ ನಿಂತು ಅವರು ಕೇಳುವ ಪ್ರಶ್ನೆಗಳು ಹೆಣ್ಣು ನೋಡಲು ಬಂದ ಹಿರಿಯರ ಪ್ರಶ್ನೆಗಳಂತೆಯೇ ಇರುತ್ತವೆ: ಯಾವ ಊರು, ಯಾರ ಕಡೆ, ಹುಟ್ಟಿದ್ದೆಲ್ಲಿ, ಬೆಳೆದದ್ದೆಲ್ಲಿ?

ಕೇಳುವುದಕ್ಕೆ ಕಾರಣವೂ ಉಂಟು. ಎರಡು ದೇಶಗಳು ಕೂಡಿ, ಒಬ್ಬರ ಸರಕಿಗೆ ಇನ್ನೊಬ್ಬರು ಸುಂಕವನ್ನು ಇಳಿಸುವುದಾಗಿ ಮಾಡಿಕೊಳ್ಳುವ ಕರಾರಿಗೆ ಮುಕ್ತ ವ್ಯಾಪಾರ ಒಪ್ಪಂದವೆಂದು ಹೆಸರು. ಊಟ ಬೀಗರಿಗೆ ಮಾತ್ರವೆಂದಾದ ಮೇಲೆ ಬಾಗಿಲಲ್ಲಿ ನಿಂತವನು ಬಂದವರ ಗುರುತು ಕೇಳಲೇಬೇಕು. ಇಲ್ಲವಾದರೆ ಮೂರನೆಯ ದೇಶದ ಸರಕು ಬೀಗರ ಪೇಟವನ್ನು ಸುತ್ತಿಕೊಂಡು ಪಂಕ್ತಿಯಲ್ಲಿ ಬಂದು ಕುಳಿತೀತು.

ಈ ಗುರುತನ್ನು ಬಹುಕಾಲ ಮುದ್ರೆಯೇ ಹೇಳುತ್ತಿತ್ತು. ಸುಂಕದ ವಿಧಿಗಳನ್ನು ಸರಳಗೊಳಿಸಲೆಂದು 1923ರಲ್ಲಿ ಜಿನೀವಾದಲ್ಲಿ ಆದ ಒಪ್ಪಂದದಲ್ಲಿಯೇ ಮೂಲದ ಪ್ರಮಾಣಪತ್ರದ ಮಾತು ಬಂದಿದೆ. ರಫ್ತುದಾರನು ಕಾಗದಗಳ ಕಟ್ಟನ್ನು ಹಿಡಿದು ವಾಣಿಜ್ಯ ಸಂಘದ ಕಚೇರಿಗೋ ಸರಕಾರದ ಕಚೇರಿಗೋ ಹೋಗುವುದು, ಬೆಂಚಿನ ಮೇಲೆ ಕಾಯುವುದು, ರುಜುವೂ ಮುದ್ರೆಯೂ ಬಿದ್ದ ಹಾಳೆಯನ್ನು ಮಗುವಿನಂತೆ ಜೋಪಾನವಾಗಿ ತರುವುದು, ಹೀಗೆ ಕಾಲ ನಡೆಯಿತು. ಈಚೆಗೆ ಅರ್ಜಿಯೇನೋ ಕಂಪ್ಯೂಟರಿನ ಮೂಲಕ ಹೋಗತೊಡಗಿತು. ಆದರೆ ಸರಕಿನ ಪರವಾಗಿ ಮಾತನಾಡುವ ಬಾಯಿ ಮಾತ್ರ ಇನ್ನೊಬ್ಬರದೇ ಆಗಿತ್ತು.

ಆ ಬಾಯಿ ಈಗ ರಫ್ತುದಾರನದೇ ಆಗುತ್ತಿದೆ. ಐರೋಪ್ಯ ಒಕ್ಕೂಟವು ಹಿಂದುಳಿದ ಹಾಗೂ ಬೆಳೆಯುತ್ತಿರುವ ದೇಶಗಳಿಗೆ ತಾನಾಗಿ ಕೊಡುವ ಸುಂಕದ ರಿಯಾಯಿತಿಗಾಗಿ, ಮೊದಲೇ ಹೆಸರು ನೋಂದಾಯಿಸಿದ ರಫ್ತುದಾರರು ಮೂಲವನ್ನು ತಾವೇ ಸಾರುವ ಪದ್ಧತಿಯನ್ನು 2017ರಲ್ಲಿ ತಂದಿತು. ಭಾರತದ ರಫ್ತುದಾರರಿಗೂ ಆಗಲೇ ಅದು ಒದಗಿತು. 6,000 ಯೂರೋಗಳೊಳಗಿನ ಸರಕಿಗೆ ನೋಂದಣಿಯೂ ಬೇಡ. 2020ರ ಜುಲೈ 1ರಿಂದ ಜಾರಿಯಲ್ಲಿರುವ ಅಮೆರಿಕ, ಮೆಕ್ಸಿಕೋ, ಕೆನಡಾಗಳ ಒಪ್ಪಂದವು ಇನ್ನೂ ಮುಂದೆ ಹೋಗಿ, ತಯಾರಿಸಿದವನು, ಕಳಿಸಿದವನು, ತರಿಸಿಕೊಂಡವನು, ಈ ಮೂವರಲ್ಲಿ ಯಾರು ಹೇಳಿದರೂ ಸರಿಯೆಂದಿತು. ಭಾರತವೂ ಬ್ರಿಟನ್ನೂ 2025ರ ಜುಲೈ 24ರಂದು ಸಹಿ ಮಾಡಿದ ಒಪ್ಪಂದದಲ್ಲಿ ಸ್ವಯಂಘೋಷಣೆಗೆ ಎಡೆಯಿದೆ. ಘೋಷಣೆಯೆಂದರೆ ದೊಡ್ಡ ದಸ್ತಾವೇಜಲ್ಲ. ಇನ್‌ವಾಯ್ಸಿನ ಕೆಳಗೆ ಎರಡು ಮೂರು ಸಾಲು: ಬೇರೆಯಾಗಿ ತೋರಿಸಿದ್ದನ್ನು ಬಿಟ್ಟು ಉಳಿದ ಸರಕೆಲ್ಲ ಇಂಥ ದೇಶದ ಮೂಲದ್ದು ಎಂಬ ಮಾತು, ಸ್ಥಳ, ತಾರೀಖು, ಹೆಸರು. ಅಷ್ಟೆ.

ಚಿಕ್ಕಮಗಳೂರಿನ ಕಡೆಯ ಒಬ್ಬ ಸಣ್ಣ ಕಾಫಿ ರಫ್ತುದಾರನನ್ನು ವಾಚಕರು ಕಲ್ಪಿಸಿಕೊಳ್ಳಬಹುದು. ತಂದೆಯ ಕಾಲದಿಂದ ಇರುವ ವೃದ್ಧ ಗುಮಾಸ್ತರು ಇನ್‌ವಾಯ್ಸನ್ನು ತಂದು ಮುಂದಿಡುತ್ತಾರೆ.

“ಯಜಮಾನರೆ, ಇಲ್ಲಿ ಸೀಲು ಯಾರದು?”

“ಯಾರದೂ ಬೇಡವಂತೆ, ರಾಯರೆ. ನಾವೇ ಬರೆದುಕೊಟ್ಟರೆ ಸಾಕಂತೆ.”

ರಾಯರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಸೀಲಿದ್ದಿದ್ದರೆ, ತಪ್ಪಾದಾಗ ಬೆರಳು ಮಾಡುವುದಕ್ಕೆ ಇನ್ನೊಬ್ಬರು ಇರುತ್ತಿದ್ದರು,” ಎನ್ನುತ್ತಾರೆ.

ರಾಯರ ಅನುಮಾನ ಹುಸಿಯಲ್ಲ. ತೋಟದ ಬೀಜವನ್ನಷ್ಟೇ ಕಳಿಸುವವನಿಗೆ ಚಿಂತೆಯಿಲ್ಲ. ಕಾಫಿಯ ಏಳು ಬೀಜಗಳನ್ನು ಬಾಬಾ ಬುಡನ್‌ ಅವರು ಅರಬ್ ನಾಡಿನ ಮೋಕಾದಿಂದ ತಂದರೆಂದು ಪ್ರತೀತಿ. ಆದರೆ ಸುಂಕದವನು ಏಳು ಬೀಜಗಳ ಗೋಜಿಗೆ ಹೋಗುವುದಿಲ್ಲ. ಗಿಡ ಯಾವ ಮಣ್ಣಿನಲ್ಲಿ ಬೆಳೆಯಿತು, ಹಣ್ಣನ್ನು ಎಲ್ಲಿ ಕೊಯ್ದರು, ಇಷ್ಟೇ ಅವನಿಗೆ ಬೇಕಾದದ್ದು. ವಲಸೆ ಬಂದವರ ಮೊಮ್ಮಕ್ಕಳನ್ನು ಊರಿನವರೆಂದು ಒಪ್ಪಿಕೊಳ್ಳುವಷ್ಟು ಔದಾರ್ಯ ಈ ನಿಯಮಕ್ಕಿದೆ.

ತೊಡಕು ಹುಟ್ಟುವುದು ಗೋದಾಮಿನಲ್ಲಿ. ಭಾರತದ ಕಾಫಿಯಲ್ಲಿ ನೂರಕ್ಕೆ ಸುಮಾರು ಎಪ್ಪತ್ತು ಪಾಲು ಕರ್ನಾಟಕದ್ದೇ ಆದರೂ, ಹುರಿದ ಕಾಫಿಯನ್ನೂ ಇನ್‌ಸ್ಟಂಟ್ ಕಾಫಿಯನ್ನೂ ಹೊರದೇಶಕ್ಕೆ ಕಳಿಸುವವರು ರಫ್ತಿಗೆಂದೇ ವಿಯೆಟ್ನಾಮ್ ಮೊದಲಾದ ಕಡೆಗಳಿಂದ ಅಗ್ಗದ ಬೀಜ ತರಿಸುವುದುಂಟು. ಎರಡನ್ನೂ ಕೂಡಿಸಿ ಹುರಿದರೆ ಹುಟ್ಟುವ ಪುಡಿ ಯಾವ ದೇಶದ್ದು? ಇಲ್ಲಿ ಪ್ರಪಂಚವೆಲ್ಲ ಬಳಸುವ ಸರಕುಗಳ ಸಂಖ್ಯಾಪಟ್ಟಿ ನ್ಯಾಯಾಧೀಶನಾಗಿ ಬರುತ್ತದೆ. ಹಸಿ ಬೀಜಕ್ಕೂ ಹುರಿದ ಬೀಜಕ್ಕೂ ಆ ಪಟ್ಟಿಯಲ್ಲಿ ಒಂದೇ ಮನೆ, 0901. ಇನ್‌ಸ್ಟಂಟ್ ಕಾಫಿಯ ಮನೆ ಬೇರೆ, 2101. ತಲೆಸಂಖ್ಯೆ ಬದಲಾದರೆ ಮಾತ್ರ ಸರಕು ಹೊಸ ಜನ್ಮ ತಾಳಿತು ಎನ್ನುವ ಒಪ್ಪಂದದಲ್ಲಿ ಹುರಿದದ್ದು ಹಳೆಯ ಕುಲದಲ್ಲಿಯೇ ಉಳಿಯುತ್ತದೆ, ಕರಗುವ ಪುಡಿಯಾದದ್ದು ಗೋತ್ರ ಬದಲಿಸುತ್ತದೆ. ಐರೋಪ್ಯ ಒಕ್ಕೂಟದ ಹಲವು ಒಪ್ಪಂದಗಳಲ್ಲಿ ಹುರಿದದ್ದೇ ಸಾಕು, ಬೀಜ ಎಲ್ಲಿಯದಾದರೂ ಆಗಬಹುದು. ಕಾಫಿಯ ಗಿಡವಿಲ್ಲದ ಇಟಲಿ, ಜರ್ಮನಿಗಳಿಗೆ ಹುರಿಯುವುದೇ ಕಸುಬಾಗಿರುವಾಗ ನಿಯಮವೂ ಅವರ ಬಾಣಲೆಯ ಅಳತೆಗೆ ಹೊಂದಿಕೊಂಡದ್ದರಲ್ಲಿ ಆಶ್ಚರ್ಯವಿಲ್ಲ. ಭಾರತವೂ ಆಸಿಯಾನ್ ದೇಶಗಳೂ ಮಾಡಿಕೊಂಡ ಒಪ್ಪಂದದ ಸಾಮಾನ್ಯ ನಿಯಮವಾದರೋ ಸಂಖ್ಯೆಯೂ ಬದಲಾಗಬೇಕು, ಬೆಲೆಯಲ್ಲಿ ಶೇಕಡ 35 ಪಾಲು ಸ್ವದೇಶದ್ದೂ ಆಗಿರಬೇಕು ಎನ್ನುತ್ತದೆ. ಒಂದೇ ಮೂಟೆ ಒಂದು ಬಂದರಿನಲ್ಲಿ ಭಾರತೀಯ, ಇನ್ನೊಂದರಲ್ಲಿ ಪರದೇಶಿ!

ಎಲ್ಲಕ್ಕಿಂತ ಮನಸ್ಸಿಗೆ ಚುಚ್ಚುವುದು ಗೇರುಬೀಜದ ಪ್ರಸಂಗ. ಮಂಗಳೂರಿನ ಸುತ್ತಲ ಕಾರ್ಖಾನೆಗಳಿಗೆ ಆಫ್ರಿಕದಿಂದ ಹಸಿ ಗೇರುಬೀಜ ಹಡಗಿನಲ್ಲಿ ಬರುತ್ತದೆ. ಅದನ್ನು ಹದಮಾಡಿ, ಒಡೆದು, ಸಿಪ್ಪೆ ಸುಲಿದು, ತಿರುಳು ಮುರಿಯದಂತೆ ಬಿಡಿಸಿ, ಬಣ್ಣ ಗಾತ್ರಗಳನ್ನು ನೋಡಿ ವಿಂಗಡಿಸುವವರಲ್ಲಿ ಹೆಚ್ಚಿನವರು ಹೆಂಗಸರು. ಸಿಪ್ಪೆಯ ಎಣ್ಣೆ ಅವರ ಬೆರಳುಗಳನ್ನು ಸುಡುತ್ತದೆ. ಆದರೆ ಒಡೆಯುವುದು, ಸುಲಿಯುವುದು, ಪೊಟ್ಟಣ ಕಟ್ಟುವುದು, ಇವೆಲ್ಲವೂ ಐರೋಪ್ಯರ ನಿಯಮದಲ್ಲಿ ಮೂಲವನ್ನು ಬದಲಿಸಲು ಸಾಲದ ಅಲ್ಪಕಾರ್ಯಗಳು. ಗೋಡಂಬಿಗೆ ಅವರಲ್ಲಿ ಸುಂಕವೇ ಇಲ್ಲವಾದ್ದರಿಂದ ಜಗಳವೇನೂ ಏಳುವುದಿಲ್ಲ. ಆದರೂ ಇಡೀ ದಿನ ಕುಳಿತು ಮಾಡಿದ ಕೆಲಸಕ್ಕೆ ಇಂಥ ಹೆಸರಿಟ್ಟವನು ಒಂದು ಗೇರುಬೀಜವನ್ನಾದರೂ ಕೈಯಾರೆ ಒಡೆದು ನೋಡಿರಲಾರನು.

ಚಿಕ್ಕಮಗಳೂರಿನ ವ್ಯಾಪಾರಿಯ ಮುಂದೆ ಈಗ ಹನ್ನೆರಡು ಬಾಬುಗಳ ಇನ್‌ವಾಯ್ಸು ಇದೆ. ಎಲ್ಲವೂ ಹುರಿದ ಕಾಫಿ, ಹೋಗಬೇಕಾದ ದೇಶದ ಒಪ್ಪಂದವೋ ತಲೆಸಂಖ್ಯೆಯನ್ನು ನೋಡುವಂಥದು. ಮೂರು ಬಾಬುಗಳಲ್ಲಿ ಹೊರಗಿನ ಬೀಜ ಬೆರೆತಿದೆ. ಪುಡಿಯನ್ನು ಮೂಸಿ ನೋಡಿ ಇದು ಹೇಳಬಲ್ಲವರು ಯಾರೂ ಇಲ್ಲ. ಹಡಗು ಹೊರಡಲು ಎರಡು ದಿನವಿದೆ. ಬರೆಯುವ ಕೈಯನ್ನು ಹಿಡಿಯುವವರೂ ಇಲ್ಲ.

ಹಿಡಿಯುವವರು ಬರುವುದು ಆಮೇಲೆ. ಒಂದು ವರ್ಷ ಕಳೆದು, ಕೊಂಡವನ ದೇಶದ ಸುಂಕದ ಕಚೇರಿಯಿಂದ ಪ್ರಶ್ನೆ ಬರಬಹುದು: ಈ ಬೀಜ ಯಾರ ತೋಟದ್ದು, ಎಂದು ಕೊಂಡದ್ದು, ಚೀಟಿ ಎಲ್ಲಿ, ಬೇರೆ ಬೀಜದಿಂದ ಪ್ರತ್ಯೇಕವಾಗಿ ಇಟ್ಟದ್ದಕ್ಕೆ ಲೆಕ್ಕವೇನು? ಉತ್ತರ ಸರಿಬರದಿದ್ದರೆ ಉಳಿಸಿದ ಸುಂಕವನ್ನು ಕಟ್ಟಬೇಕಾದವನು ಕೊಂಡವನು. ಬರೆದವನು ಇಲ್ಲಿ, ದಂಡ ತೆತ್ತವನು ಅಲ್ಲಿ. ಅಲ್ಲಿಯವನು ಆಮೇಲೆ ಇವನ ಕಾಗದಕ್ಕೆ ಉತ್ತರ ಬರೆಯುವುದಿಲ್ಲ.

ಇದರಲ್ಲಿ ಪರದೇಶದವರನ್ನು ಮಾತ್ರ ಸಂಶಯಪ್ರಾಣಿಗಳೆನ್ನುವುದು ನ್ಯಾಯವಲ್ಲ. ಸರಕಾರಿ ಮುದ್ರೆಯೊತ್ತಿದ ಪತ್ರಗಳ ಮರೆಯಲ್ಲಿಯೇ ಅನ್ಯದೇಶದ ಸರಕು ಒಳಗೆ ಬರುತ್ತಿದೆಯೆಂದು ಭಾರತವೂ 2020ರ ಸೆಪ್ಟೆಂಬರ್ 21ರಿಂದ ಹೊಸ ನಿಯಮಗಳನ್ನು ತಂದು, ಮೂಲದ ವಿವರಗಳನ್ನೆಲ್ಲ ಆಮದುದಾರನೇ ಕೈಯಲ್ಲಿಟ್ಟುಕೊಂಡು ಐದು ವರ್ಷ ಕಾಪಾಡಬೇಕೆಂದು ವಿಧಿಸಿತು. ಮುದ್ರೆಯನ್ನೇ ನಂಬದ ಕಾಲದಲ್ಲಿ ಬರಿಯ ಮಾತಿಗೆ ಬೆಲೆ ಬಂದದ್ದು ವಿಚಿತ್ರವೇ ಸರಿ. ಬಹುಶಃ ಮುದ್ರೆ ಒತ್ತಿದವನಿಗೆ ಗೋದಾಮು ತಿಳಿಯದು, ಗೋದಾಮಿನವನಿಗೆ ತಿಳಿಯುತ್ತದೆ ಎಂಬುದು ಈಗ ಎಲ್ಲರಿಗೂ ಹೊಳೆದಿರಬೇಕು.

ವ್ಯಾಪಾರಿಯು ದಾಸ್ತಾನಿನ ಪುಸ್ತಕವನ್ನು ತರಿಸುತ್ತಾನೆ. ಒಂಬತ್ತು ಬಾಬುಗಳಿಗೆ ಘೋಷಣೆ, ಮೂರಕ್ಕೆ ಇಲ್ಲವೆಂದು ಎದುರಿಗೆ ಗುರುತು. ಆ ಮೂರಕ್ಕೆ ಅಲ್ಲಿ ಪೂರ್ತಿ ಸುಂಕ ಬೀಳುತ್ತದೆ, ಕೊಂಡವನು ಬೆಲೆಯಲ್ಲಿ ಮುರಿದುಕೊಳ್ಳುತ್ತಾನೆ, ಈ ಸಲದ ಲಾಭದಲ್ಲಿ ಅರ್ಧ ಹೋದಂತೆಯೇ. ರಾಯರು ಮರುಮಾತನಾಡದೆ ಚೀಟಿಗಳನ್ನೆಲ್ಲ ದಾರದಲ್ಲಿ ಪೋಣಿಸಿ, ವರ್ಷ ಬರೆದು, ತಗಡಿನ ಪೆಟ್ಟಿಗೆಗೆ ಹಾಕುತ್ತಾರೆ. ವರ್ಷಗಟ್ಟಲೆ ಇಡಬೇಕಾದ ಕಾಗದ. ಮಲೆನಾಡಿನ ಮಳೆಗಾಲ, ಗೋಡೆಯ ತೇವ, ಮೇಲಾಗಿ ಗೆದ್ದಲು. ಪೆಟ್ಟಿಗೆಯನ್ನು ನೆಲದಿಂದ ಮೇಲಿಡಲು ಎರಡು ಇಟ್ಟಿಗೆಗಳನ್ನು ಹುಡುಕುತ್ತ ಅವರು ಹಿತ್ತಿಲಿಗೆ ನಡೆಯುತ್ತಾರೆ.