ಕೊಂಕಲ್‌ನ ಬಿಸಿಲು, ಲ್ಯಾಪ್‌ಟಾಪಿನ ಬ್ಯಾಟರಿ

ಯಾದಗಿರಿ ಜಿಲ್ಲೆಯ ಕೊಂಕಲ್ ಹೋಬಳಿ ಊರು. ಜಾತಿ, ಆದಾಯ ಪ್ರಮಾಣಪತ್ರ ಅಂತ ಸುತ್ತಲಿನ ಹಳ್ಳಿಯವರು ನಾಡಕಚೇರಿಗೆ ಬರುತ್ತಲೇ ಇರುತ್ತಾರೆ. ಆ ಓಡಾಟವನ್ನೇ ನಂಬಿ ನಮ್ಮ ಕಂಪ್ಯೂಟರ್ ಅಂಗಡಿ ಶುರುವಾಯಿತು. 2009ರ ಡಿಸೆಂಬರ್‌ನಲ್ಲಿ ಯಾದಗಿರಿಯು ಆಗಿನ ಗುಲ್ಬರ್ಗದಿಂದ ಬೇರೆಯಾಗಿ ಜಿಲ್ಲೆಯಾದ ಹೊಸತು. ಟೇಬಲ್ ಮೇಲೊಂದು ಡೆಸ್ಕ್‌ಟಾಪ್, ಕಾಲ ಬುಡದಲ್ಲಿ ಯುಪಿಎಸ್. ಕರೆಂಟು ಹೋಯಿತೆಂದರೆ ಅರ್ಜಿ ಅರ್ಧಕ್ಕೇ ನಿಲ್ಲುತ್ತಿತ್ತು. ಬೆಳಿಗ್ಗೆಯಿಂದ ಕಾದ ಮುದುಕರು ಕಟ್ಟೆಯ ಮೇಲೆ ಕೂತು ಫ್ಯಾನ್ ತಿರುಗುವುದನ್ನೇ ಕಾಯುತ್ತಿದ್ದರು.

ಹಾಗಾಗಿ ಲ್ಯಾಪ್‌ಟಾಪ್ ಬಂದಾಗ ನಮಗೆ ಅದರ ವೇಗಕ್ಕಿಂತ ಬ್ಯಾಟರಿಯೇ ದೊಡ್ಡದಾಗಿ ಕಂಡಿತು. ಹಿಂಬದಿಯ ಚಿಲಕ ಸರಿಸಿದರೆ ಬ್ಯಾಟರಿ ಕೈಗೆ ಬರುತ್ತಿತ್ತು. ಒಳಗೆ 18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದದ ದುಂಡನೆಯ ಆರು ಸೆಲ್ಲು. ಕೆಟ್ಟರೆ ಯಾದಗಿರಿಯಲ್ಲಿ ರೈಲು ಹತ್ತಿ ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರಿಗೆ ಹೋದರಾಯಿತು, ಹೊಸದು ಸಿಗುತ್ತಿತ್ತು. ರಿಪೇರಿ ಅಂದರೆ ಬಹುಪಾಲು ಅಷ್ಟೇ ಇತ್ತು.

ಮದುವೆ, ಜಾತ್ರೆಗಳ ವಿಡಿಯೊ ಎಡಿಟಿಂಗ್ ಹಳ್ಳಿಗೆ ಬಂದ ಮೇಲೆ ಕೆಲಸದ ಬಗೆಯೇ ಬದಲಾಯಿತು. ಹುಡುಗರಿಗೆ ವೇಗ ಬೇಕಾಯಿತು. ಥ್ರಾಟಲ್‌ಸ್ಟಾಪ್, ಇಂಟೆಲ್‌ನ ಎಕ್ಸ್‌ಟಿಯು ತಂತ್ರಾಂಶ ಹಾಕಿಕೊಂಡು ‘ಓವರ್‌ಕ್ಲಾಕ್ ಮಾಡೀವಿ ಅಣ್ಣ’ ಅನ್ನುತ್ತಿದ್ದರು. ನಿಜ ಹೇಳಬೇಕೆಂದರೆ, ಲ್ಯಾಪ್‌ಟಾಪಿನ ಹೆಚ್ಚಿನ ಪ್ರೊಸೆಸರ್‌ಗಳ ವೇಗದ ಗುಣಕಕ್ಕೆ ಕಂಪನಿಯೇ ಬೀಗ ಹಾಕಿರುತ್ತದೆ. ಇವರು ಮಾಡುತ್ತಿದ್ದುದು ವ್ಯಾಟ್‌ಗಳ ಮಿತಿಯನ್ನು ಎತ್ತುವ ಕೆಲಸ. 15 ವ್ಯಾಟ್‌ಗೆಂದು ಮಾಡಿದ ಚಿಪ್ಪು ಟರ್ಬೊ ವೇಗಕ್ಕೆ ಏರಿ ಸ್ವಲ್ಪ ಹೊತ್ತಿಗೆ ಇಳಿಯಬೇಕು. ಇವರ ಯಂತ್ರದಲ್ಲಿ ಅದು ಇಳಿಯುತ್ತಲೇ ಇರಲಿಲ್ಲ.

ಇದರ ಲೆಕ್ಕ ಕ್ರೂರವಾದದ್ದು. ಚಿಪ್ಪು ಉಣ್ಣುವ ವಿದ್ಯುತ್ತು ವೇಗದ ಜೊತೆ ನೇರವಾಗಿ ಏರುತ್ತದೆ, ವೋಲ್ಟೇಜಿನ ಜೊತೆ ವರ್ಗವಾಗಿ ಏರುತ್ತದೆ. ವೇಗ ಶೇ 10 ಹೆಚ್ಚಿಸಲು ವೋಲ್ಟೇಜನ್ನೂ ಶೇ 10 ಏರಿಸಬೇಕಾಗಿ ಬಂದರೆ ಖರ್ಚು ಶೇ 33ರಷ್ಟು ಜಾಸ್ತಿ. 41 ವ್ಯಾಟ್‌ಅವರ್‌ ಬ್ಯಾಟರಿಯ ಯಂತ್ರ ಅರ್ಜಿ ತುಂಬುವಂಥ ಹಗುರ ಕೆಲಸದಲ್ಲಿ 10 ವ್ಯಾಟ್ ಉಂಡರೆ ನಾಲ್ಕು ತಾಸು ನಡೆಯುತ್ತದೆ. ಅದೇ ಯಂತ್ರ 40 ವ್ಯಾಟ್ ಉಂಡರೆ ಒಂದೇ ತಾಸು. ವಿಡಿಯೊ ಸಿದ್ಧವಾಗುವಾಗ ಉಳಿದದ್ದು ಕೆಲವು ನಿಮಿಷ; ಅದಕ್ಕೆ ಇಷ್ಟು ದಂಡ.

‘ಅಣ್ಣಾ, ಇನ್ನೂ ಮೂವತ್ತು ಪರ್ಸೆಂಟ್ ತೋರಸ್ತದ, ಕರೆಂಟ್ ಹೋದ್ ಕೂಡ್ಲೇ ಬಂದ್ ಆಗ್ತದ ನೋಡ್ರಿ.’ ಈ ದೂರು ಹೊತ್ತು ಬಂದವರೇ ಆಗ ಹೆಚ್ಚು. ಸೆಲ್ಲು ಹಳೆಯದಾದಂತೆ ಅದರ ಒಳಗಿನ ತಡೆ ಹೆಚ್ಚುತ್ತದೆ. ಆಗ ಪ್ರೊಸೆಸರ್ ಒಮ್ಮೆಲೇ ಜಗ್ಗಿದರೆ ವೋಲ್ಟೇಜ್ ಕುಸಿದುಬಿಡುತ್ತದೆ. ಚಾರ್ಜು ಒಳಗಿದ್ದರೂ ಯಂತ್ರ ಕಣ್ಣು ಮುಚ್ಚುತ್ತದೆ. ಅಂಥ ಲ್ಯಾಪ್‌ಟಾಪಿನ ವೇಗದ ಮಿತಿಯನ್ನು ಇಳಿಸಿಕೊಟ್ಟರೆ ಅದೇ ಬ್ಯಾಟರಿ ಮತ್ತೆ ಕೆಲಸಕ್ಕೆ ಬರುತ್ತಿತ್ತು. ಮಾಲೀಕರ ಮುಖ ನೋಡಬೇಕಿತ್ತು!

ಒಂದು ಏಪ್ರಿಲ್‌ನಲ್ಲಿ ಟಚ್‌ಪ್ಯಾಡ್ ಒತ್ತಲಾಗದ ಲ್ಯಾಪ್‌ಟಾಪ್ ಬಂತು. ತಳದ ಸ್ಕ್ರೂ ಬಿಚ್ಚಿದಾಗ ಮುಚ್ಚಳ ತಾನೇ ಮೇಲೆದ್ದಿತು. ಚಪ್ಪಟೆಯ ಸೆಲ್ಲು ಊದಿ, ಟಚ್‌ಪ್ಯಾಡನ್ನು ಕೆಳಗಿನಿಂದ ದೂಡುತ್ತಿತ್ತು. ಪಕ್ಕದ ಫ್ಯಾನಿನ ಬಾಯಿಗೆ ಹತ್ತಿಯ ಎಳೆ ಮತ್ತು ಧೂಳು ಸೇರಿ ಬೂದು ಬಣ್ಣದ ಪದರ ಕಟ್ಟಿತ್ತು. ಹತ್ತಿ ಬೆಳೆಯುವ ಸೀಮೆ ನಮ್ಮದು. ಹೊರಗೆ ಬಿಸಿಲು 40 ಡಿಗ್ರಿ ದಾಟಿದ್ದಾಗ, ಉಸಿರು ಕಟ್ಟಿದ ಫ್ಯಾನು, ಮಿತಿ ಎತ್ತಿದ ಪ್ರೊಸೆಸರ್, ಹಗಲೂ ರಾತ್ರಿ ಚಾರ್ಜರಿಗೆ ಅಂಟಿದ ಬ್ಯಾಟರಿ. ಲಿಥಿಯಂ ಸೆಲ್ಲಿಗೆ ಪೂರ್ತಿ ಚಾರ್ಜು ಮತ್ತು ಬಿಸಿ, ಇವೆರಡೂ ಕೂಡಿದರೆ ಅದಕ್ಕಿಂತ ಕೆಟ್ಟದ್ದಿಲ್ಲ. ಚಾರ್ಜರು ಕೊಡುವುದಕ್ಕಿಂತ ಹೆಚ್ಚು ವಿದ್ಯುತ್ತು ಬೇಕಾದಾಗ, ಪ್ಲಗ್ ಹಾಕಿದ್ದರೂ ಕೊರತೆಯನ್ನು ಬ್ಯಾಟರಿಯಿಂದ ತುಂಬಿಕೊಳ್ಳುವ ಯಂತ್ರಗಳೂ ಇವೆ. ‘ಪ್ಲಗ್ ಹಾಕೀನಲ್ಲ, ಬ್ಯಾಟ್ರಿಗೇನಾಗ್ತದ?’ ಅಂದವರಿಗೆ ನಾನು ಕೊಡುತ್ತಿದ್ದ ಉತ್ತರ ಇದೇ.

ನನಗೆ ಮೆಚ್ಚಿನ ಉಪಾಯವೊಂದಿತ್ತು: ಅದೇ ಥ್ರಾಟಲ್‌ಸ್ಟಾಪ್‌ನಿಂದ ವೇಗ ಏರಿಸದೆ ವೋಲ್ಟೇಜನ್ನು ಚೂರೇ ಚೂರು ಇಳಿಸುವುದು. ಕೆಲಸ ಅಷ್ಟೇ, ಬಿಸಿ ಕಡಿಮೆ. 2019ರ ಡಿಸೆಂಬರ್‌ನಲ್ಲಿ ಪ್ಲಂಡರ್‌ವೋಲ್ಟ್ ಎಂಬ, ವೋಲ್ಟೇಜ್ ಇಳಿಸುವುದನ್ನೇ ದಾರಿ ಮಾಡಿಕೊಳ್ಳುವ ಭದ್ರತಾ ದೋಷ ಬಯಲಾದ ಮೇಲೆ ಬಯಾಸ್ ಅಪ್‌ಡೇಟ್‌ಗಳು ಬಂದು, ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಆ ದಾರಿಯೂ ಮುಚ್ಚಿತು. ಭದ್ರತೆಗೆ ಅದು ಬೇಕಿತ್ತು, ಒಪ್ಪುತ್ತೇನೆ. ಆದರೂ ಬಿಸಿಲ ಸೀಮೆಯ ನಮ್ಮಂಥವರಿಗೆ ಅದು ನಷ್ಟವೇ.

ಈಗ ಚಿಲಕದ ಬ್ಯಾಟರಿಯಿಲ್ಲ. ತಳ ಬಿಚ್ಚದೆ ಅದು ಕಾಣುವುದೂ ಇಲ್ಲ. ಹೊಸ ಲ್ಯಾಪ್‌ಟಾಪ್ ಹಿಡಿದು ಬರುವ ಕಾಲೇಜು ಮಕ್ಕಳಿಗೆ ವಿಂಡೋಸ್‌ನ ಪವರ್ ಆಯ್ಕೆಯಲ್ಲಿ ಪ್ರೊಸೆಸರಿನ ಗರಿಷ್ಠ ಸ್ಥಿತಿಯನ್ನು ಶೇ 99ಕ್ಕೆ ಇಳಿಸಿಕೊಡುತ್ತೇನೆ, ಟರ್ಬೊ ನಿಲ್ಲುತ್ತದೆ. ಕಂಪನಿಯ ತಂತ್ರಾಂಶದಲ್ಲಿ ಸೌಲಭ್ಯ ಇದ್ದರೆ ಚಾರ್ಜನ್ನು ಶೇ 80ಕ್ಕೆ ಕಟ್ಟುತ್ತೇನೆ. ಫ್ಯಾನಿನ ಧೂಳು ತೆಗೆದು, ಒಣಗಿದ ಥರ್ಮಲ್ ಪೇಸ್ಟ್ ಒರೆಸಿ ಹೊಸದು ಹಚ್ಚುತ್ತೇನೆ. ಹತ್ತಿ ಸುಗ್ಗಿ ಮುಗಿದು ಬೇಸಿಗೆ ಏರುವ ಮೊದಲು ಈ ಕೆಲಸಕ್ಕೆ ಬರ್ರಿ ಅಂತ ಎಲ್ಲರಿಗೂ ಹೇಳಿ ಕಳಿಸುತ್ತೇನೆ.