ನಗರವಾಲಾ ಹುಡುಕುತ್ತಿದ್ದ ಗುಂಪು

1948ರ ಜನವರಿ 21ರ ರಾತ್ರಿ ಬಾಂಬೆ ಸೆಂಟ್ರಲ್ ನಿಲ್ದಾಣ. ಅಹಮದಾಬಾದಿಗೆ ರೈಲು ಹತ್ತಲು ಬಂದಿದ್ದ ಗೃಹಮಂತ್ರಿ ಮೊರಾರ್ಜಿ ದೇಸಾಯಿ, ಸ್ಪೆಷಲ್ ಬ್ರಾಂಚಿನ ಡೆಪ್ಯುಟಿ ಕಮಿಷನರ್ ಜಮ್‌ಶೇಡ್ ನಗರವಾಲಾ ಅವರನ್ನು ಅಲ್ಲಿಗೇ ಕರೆಸಿಕೊಂಡರು. ಹಿಂದಿನ ದಿನ ದಿಲ್ಲಿಯ ಬಿರ್ಲಾ ಭವನದಲ್ಲಿ ಗಾಂಧಿಯ ಪ್ರಾರ್ಥನಾ ಸಭೆಯ ಬಳಿ ಸಿಡಿಮದ್ದು ಸಿಡಿದಿತ್ತು. ಮದನಲಾಲ್ ಪಹ್ವಾ ಎಂಬ ಪಂಜಾಬಿ ನಿರಾಶ್ರಿತ ಸಿಕ್ಕಿಬಿದ್ದಿದ್ದ. ಮೊರಾರ್ಜಿ ಹೇಳಿದ್ದು ಇಷ್ಟು: ಇದರ ಹಿಂದೆ ಅಹಮದನಗರದ ಕರ್ಕರೆ ಎಂಬವನಿದ್ದಾನೆ, ಅವನನ್ನು ಹಿಡಿಯಿರಿ, ಸಾವರ್ಕರ್ ಮನೆಯ ಮೇಲೆ ಕಣ್ಣಿಡಿ. ಸುದ್ದಿ ಕೊಟ್ಟವರು ಯಾರೆಂದು ಮಾತ್ರ ಹೇಳಲಿಲ್ಲ. ಆ ವ್ಯಕ್ತಿ ಜೀವಭಯದಿಂದ ಹೆಸರು ಬಿಟ್ಟುಕೊಡಬೇಡಿ ಎಂದಿದ್ದರು.

ಆ ವ್ಯಕ್ತಿ ಜಗದೀಶಚಂದ್ರ ಜೈನ್. ಮಾಟುಂಗಾದ ರುಯಿಯಾ ಕಾಲೇಜಿನಲ್ಲಿ ಅರ್ಧಮಾಗಧಿ, ಹಿಂದಿ ಕಲಿಸುತ್ತಿದ್ದ ಪ್ರೊಫೆಸರ್. ಮಾಟುಂಗಾ ಎಂದರೆ ಮುಂಬಯಿ ಕನ್ನಡಿಗರಿಗೆ ಅಂಗಳವಿದ್ದಂತೆ. ಮೈಸೂರು ಅಸೋಸಿಯೇಷನ್‌ಗೆ ಹೋಗಿಬರುವವರಿಗೆ ಆ ಕಾಲೇಜಿನ ಗುರುತು ಹೇಳಬೇಕಿಲ್ಲ. ಕೆಲಸ ಹುಡುಕಿಕೊಂಡು ಬಂದ ಮದನಲಾಲನಿಗೆ ಜೈನ್ ತಾವು ಬರೆದ ಪುಸ್ತಕಗಳನ್ನು ಮಾರಲು ಕೊಟ್ಟಿದ್ದರು. ಆ ಸಲಿಗೆಯಲ್ಲಿ ಅವನು ಜನವರಿ ಎರಡನೇ ವಾರದ ಹೊತ್ತಿಗೆ, ಗಾಂಧಿಯನ್ನು ಕೊಲ್ಲುವ ಏರ್ಪಾಡಾಗಿದೆ ಎಂದು ಬಾಯಿಬಿಟ್ಟ. ನೆಲ, ಮನೆ ಕಳಕೊಂಡು ಬಂದವರು ಆಗ ದಿನಕ್ಕೆ ನೂರು ಬಗೆಯ ಸಿಟ್ಟಿನ ಮಾತಾಡುತ್ತಿದ್ದರು. ಜೈನ್ ಅರ್ಧ ನಂಬಿದರು, ಅರ್ಧ ನಂಬಲಿಲ್ಲ. ಜಯಪ್ರಕಾಶ ನಾರಾಯಣರಿಗೆ ತಿಳಿಸಲು ಹೋದರು, ಪೂರ್ತಿ ಹೇಳಲಾಗಲಿಲ್ಲ. ಸ್ಫೋಟದ ಸುದ್ದಿ ಓದಿದ ದಿನವೇ ಪ್ರಧಾನಿ ಬಿ.ಜಿ. ಖೇರ್ ಮತ್ತು ಮೊರಾರ್ಜಿಯವರ ಮುಂದೆ ಎಲ್ಲವನ್ನೂ ಹೇಳಿದರು. (ಪ್ರಾಂತ್ಯದ ಮುಖ್ಯಸ್ಥರನ್ನು ಆಗ ಪ್ರಧಾನಿ ಎಂದೇ ಕರೆಯುತ್ತಿದ್ದರು.) ಜೈನ್ ವಾಸವಿದ್ದದ್ದು ಶಿವಾಜಿ ಪಾರ್ಕಿನಲ್ಲಿ. ಸಾವರ್ಕರ್ ಸದನವೂ ಅದೇ ಬಡಾವಣೆಯಲ್ಲಿ.

ಗಾಂಧಿ ಹತ್ಯೆಯ ಸುತ್ತ ಎಷ್ಟೋ ಗುಪ್ತ ಸಂಚಿನ ಕತೆಗಳು ಹುಟ್ಟಿವೆ. ನಾಲ್ಕನೆಯ ಗುಂಡು, ಎರಡನೆಯ ಕೊಲೆಗಾರ, ಬ್ರಿಟಿಷರ ರಹಸ್ಯ ದಳ. ಆದರೆ ಅತ್ಯಂತ ಗಂಭೀರ ಪರಿಣಾಮದ ಸಂಚಿನ ಸಿದ್ಧಾಂತ ಹುಟ್ಟಿದ್ದು ಹತ್ಯೆಗೆ ಮೊದಲು, ತನಿಖಾಧಿಕಾರಿಯ ತಲೆಯಲ್ಲೇ. ನಗರವಾಲಾ ತಮ್ಮ ಬಾತ್ಮೀದಾರರ ಮಾತು ಕೇಳುತ್ತಾ ಹೋದಂತೆ ಅವರಿಗೆ ಕಂಡದ್ದು ಗಾಂಧಿಯನ್ನು ಅಪಹರಿಸುವ ಸಂಚು: ಪಂಜಾಬಿಗಳೂ ಮರಾಠಿಗರೂ ಸೇರಿದ, ಶಸ್ತ್ರಾಸ್ತ್ರ ಕೂಡಿಟ್ಟ ದೊಡ್ಡ ತಂಡವೊಂದರ ಕೆಲಸ. ಗೃಹಮಂತ್ರಿ ಕೊಲೆಯ ಸಂಚು ಎಂದಿದ್ದರೂ ಅವರ ತನಿಖೆ ಈ ದಾರಿ ಹಿಡಿಯಿತು. ಅವರು ದಡ್ಡರಲ್ಲ, ಸೋಮಾರಿಯೂ ಅಲ್ಲ. ದೊಡ್ಡ ಅಪರಾಧಕ್ಕೆ ದೊಡ್ಡ ಗುಂಪೇ ಬೇಕು ಎಂಬ ಊಹೆ ಸಹಜವಾದದ್ದು.

ನಿಜವಾದ ಗುಂಪು ಚಿಕ್ಕದಾಗಿತ್ತು, ಹತ್ತಿರದಲ್ಲೇ ಇತ್ತು. ನಾಥೂರಾಮ ಗೋಡ್ಸೆ ಕಾನ್ಪುರದ ಮೂಲಕ ಜನವರಿ 23ಕ್ಕೆ ಮುಂಬಯಿಗೆ ಬಂದ. ಅವನೂ ನಾರಾಯಣ ಆಪ್ಟೆಯೂ ಕಾರ್ನಾಕ್ ರಸ್ತೆಯ ಎಲ್ಫಿನ್‌ಸ್ಟನ್ ಹೋಟೆಲ್ ಅನೆಕ್ಸ್‌ನಲ್ಲಿ ಉಳಿದರು. ಕ್ರಾಫರ್ಡ್ ಮಾರ್ಕೆಟ್ ಎದುರಿನ ಪೊಲೀಸ್ ಕಮಿಷನರ್ ಕಚೇರಿಯ ಮಗ್ಗುಲಲ್ಲಿ ಹಾದುಹೋಗುವುದೂ ಅದೇ ರಸ್ತೆ. ಥಾಣೆಗೆ ಹೋಗಿ, ಇಡೀ ಪೊಲೀಸ್ ಇಲಾಖೆ ಹುಡುಕುತ್ತಿದ್ದ ಕರ್ಕರೆಯನ್ನು ಕಂಡು ಬಂದರು. 27ರಂದು ಸುಳ್ಳು ಹೆಸರಿನಲ್ಲಿ ದಿಲ್ಲಿಯ ವಿಮಾನ ಹತ್ತಿದರು.

ಇವರ ಗುರುತು ಯಾರಲ್ಲೂ ಇರಲಿಲ್ಲವೇ? ಇತ್ತು. ಪುಣೆಯ ಪತ್ರಿಕೆಯೊಂದರ ಸಂಪಾದಕ ಜೊತೆಗಿದ್ದ ಎಂದು ಮದನಲಾಲ್ ದಿಲ್ಲಿಯಲ್ಲಿ ಹೇಳಿಬಿಟ್ಟಿದ್ದ. ಆ ಸಂಪಾದಕ ಯಾರೆಂದು ಪುಣೆಗೆ ಒಂದು ಟ್ರಂಕ್ ಕಾಲ್ ಮಾಡಿದ್ದರೆ ತಿಳಿಯುತ್ತಿತ್ತು. ಮುಂಬಯಿಗೆ ಕಳಿಸಿದ್ದ ಇಬ್ಬರು ದಿಲ್ಲಿ ಅಧಿಕಾರಿಗಳನ್ನು ನಗರವಾಲಾ ಬೇಗನೆ ಹಿಂದಕ್ಕೆ ಅಟ್ಟಿದರು. ದಿಲ್ಲಿಯಲ್ಲಿದ್ದ ಪುಣೆಯ ಸಿಐಡಿ ಡಿಐಜಿ ಯು.ಎಚ್. ರಾಣಾ ಮದನಲಾಲನ ಹೇಳಿಕೆಯೊಂದಿಗೆ ಅಲಹಾಬಾದ್ ಸುತ್ತಿಕೊಂಡು ರೈಲಿನಲ್ಲಿ ಮುಂಬಯಿಗೆ ಬಂದಿಳಿದಾಗ ತಾರೀಕು 27. ಅಂದರೆ ಕಾಗದ ಮುಂಬಯಿಗೆ ಬಂದ ದಿನವೇ ಮನುಷ್ಯರು ದಿಲ್ಲಿಗೆ ಹಾರಿದ್ದರು. ಗ್ವಾಲಿಯರಿನಲ್ಲಿ ಬೆರೆಟ್ಟಾ ಪಿಸ್ತೂಲು ಸಿಕ್ಕಿತು. 30ರ ಸಂಜೆ ಮೂರು ಗುಂಡು ಹಾರಿದವು.

ಆಮೇಲೆ ಅದೇ ನಗರವಾಲಾ ಕೈಗೆ ತನಿಖೆ ಕೊಟ್ಟರು. ಹದಿನೈದು ದಿನದೊಳಗೆ, ಫೆಬ್ರವರಿ 14ರಂದು, ಆಪ್ಟೆ ಮತ್ತು ಕರ್ಕರೆ ಮುಂಬಯಿಯ ಅಪೊಲೊ ಹೋಟೆಲಿನಲ್ಲಿ ಸಿಕ್ಕಿಬಿದ್ದರು. ಕೆಂಪುಕೋಟೆಯ ವಿಚಾರಣೆ ಮುಗಿಸಿ 1949ರ ಫೆಬ್ರವರಿ 10ರಂದು ತೀರ್ಪು ಕೊಟ್ಟ ನ್ಯಾಯಾಧೀಶ ಆತ್ಮಾಚರಣ್, 20ರಿಂದ 30ರವರೆಗಿನ ಪೊಲೀಸರ ಸಡಿಲತನವನ್ನು ಎತ್ತಿ ಹೇಳಿದರು. ಗೋಡ್ಸೆ, ಆಪ್ಟೆಗೆ ಗಲ್ಲಾಯಿತು, ಸಾವರ್ಕರ್ ಬಿಡುಗಡೆಯಾದರು.

ಕಡತ ಮತ್ತೆ ತೆರೆದದ್ದು ಒಂದು ಸಮಾರಂಭದಿಂದ. 1964ರಲ್ಲಿ ಗೋಪಾಲ ಗೋಡ್ಸೆ ಮತ್ತಿತರರು ಜೈಲಿನಿಂದ ಹೊರಬಂದಾಗ ಪುಣೆಯಲ್ಲಿ ಸಂತೋಷಕೂಟ ನಡೆಯಿತು. ಅಲ್ಲಿ ಟಿಳಕರ ಮೊಮ್ಮಗ ಜಿ.ವಿ. ಕೇತ್ಕರ್ ಈ ಹತ್ಯೆಯ ವಿಚಾರ ತನಗೆ ಮೊದಲೇ ಗೊತ್ತಿತ್ತೆಂದರು. ಸಂಸತ್ತಿನಲ್ಲಿ ಗದ್ದಲವಾಗಿ, ಕೊನೆಗೆ 1966ರಲ್ಲಿ ನಿವೃತ್ತ ನ್ಯಾಯಮೂರ್ತಿ ಜೀವನಲಾಲ್ ಕಾಪೂರ್ ಆಯೋಗಕ್ಕೆ ಬಂದು ಕೂತರು. 101 ಸಾಕ್ಷಿಗಳ ವಿಚಾರಣೆ ನಡೆಯಿತು, 407 ದಾಖಲೆಗಳ ಪರಿಶೀಲನೆಯಾಯಿತು. ನಗರವಾಲಾ ಮತ್ತೆ ಉತ್ತರ ಹೇಳಬೇಕಾಯಿತು. ಅಪಹರಣದ ಸಿದ್ಧಾಂತವನ್ನು ಅವರು ಆಗಲೂ ಸಮರ್ಥಿಸಿಕೊಂಡರು. ಕಾಪೂರ್ ಒಪ್ಪಲಿಲ್ಲ. ಇಪ್ಪತ್ತು ವರ್ಷ ಕಳೆದು, ಉತ್ತರ ತಿಳಿದ ಮೇಲೆ ಪ್ರಶ್ನೆಪತ್ರಿಕೆ ನೋಡುವುದು ಸುಲಭ ಎಂದು ನಗರವಾಲಾ ಪರವಾಗಿಯೂ ಹೇಳಬೇಕು. ಬಾತ್ಮಿ ಕೊಟ್ಟವರ ಹೆಸರೇ ಗೊತ್ತಿರದ ಪೊಲೀಸನೊಬ್ಬ ಮದನಲಾಲನ ಬಗ್ಗೆ ಮರುಪ್ರಶ್ನೆ ಕೇಳುವುದಾದರೂ ಯಾರನ್ನು?

ಕಾಪೂರ್ ನೋಡಿದ್ದರಲ್ಲಿ ಇನ್ನೊಂದು ಸಂಗತಿಯಿತ್ತು. ಸಾವರ್ಕರ್ ಅಂಗರಕ್ಷಕ ಅಪ್ಪಾ ಕಾಸರ್ ಮತ್ತು ಕಾರ್ಯದರ್ಶಿ ಗಜಾನನ ದಾಮ್ಲೆ 1948ರ ಮಾರ್ಚಿನಲ್ಲಿ ಮುಂಬಯಿ ಪೊಲೀಸರಿಗೆ ಹೇಳಿಕೆ ಕೊಟ್ಟಿದ್ದರು. ಗೋಡ್ಸೆ, ಆಪ್ಟೆ ಜನವರಿ ಮೂರನೇ ವಾರದ ಆಚೆಗೂ ಸಾವರ್ಕರರನ್ನು ಕಂಡರೆಂದು ಅದರಲ್ಲಿತ್ತು. ಆ ಇಬ್ಬರನ್ನೂ ಕೋರ್ಟಿಗೆ ಸಾಕ್ಷಿಗಳಾಗಿ ಕರೆಯಲೇ ಇಲ್ಲ. ಎಲ್ಲವನ್ನೂ ಒಟ್ಟಿಗಿಟ್ಟು ನೋಡಿದರೆ ಸಾವರ್ಕರ್ ಮತ್ತು ಅವರ ಗುಂಪಿನ ಕೊಲೆಸಂಚಲ್ಲದೆ ಬೇರೆ ಯಾವ ಸಿದ್ಧಾಂತವೂ ನಿಲ್ಲುವುದಿಲ್ಲ ಎಂದು ಕಾಪೂರ್ 1969ರ ವರದಿಯಲ್ಲಿ ಬರೆದರು. ಸಾವರ್ಕರ್ 1966ರ ಫೆಬ್ರವರಿಯಲ್ಲೇ ತೀರಿಕೊಂಡಿದ್ದರು. ಉತ್ತರಿಸುವ ಅವಕಾಶ ಅವರಿಗಿರಲಿಲ್ಲ. ಈ ಎರಡನ್ನೂ ಒಟ್ಟಿಗೆ ನೆನೆಯುವವರು ಕಡಿಮೆ. ಒಂದು ಪಕ್ಷ ಮೊದಲನೆಯದನ್ನಷ್ಟೇ ಓದುತ್ತದೆ, ಇನ್ನೊಂದು ಎರಡನೆಯದನ್ನಷ್ಟೇ.

ಮುಂಬಯಿಯಿಂದಲೇ ಮತ್ತೊಂದು ಮರುತನಿಖೆಯ ಬೇಡಿಕೆ ಎದ್ದಿತು. ಸಂಶೋಧಕ ಪಂಕಜ್ ಫಡ್ನಿಸ್ ಮೊದಲು ಬಾಂಬೆ ಹೈಕೋರ್ಟಿಗೆ, ಅದು ತಳ್ಳಿಹಾಕಿದ ಮೇಲೆ ಸುಪ್ರೀಂ ಕೋರ್ಟಿಗೆ ಹೋದರು. ಹಾರಿದ್ದು ಮೂರಲ್ಲ, ನಾಲ್ಕು ಗುಂಡು. ನಾಲ್ಕನೆಯದನ್ನು ಹಾರಿಸಿದವರು ಬೇರೆ ಎಂಬುದು ಅವರ ವಾದ. ಅಂದಿನ ಪತ್ರಿಕಾ ವರದಿಗಳು ಅದಕ್ಕೆ ಆಧಾರ. 2017ರ ಅಕ್ಟೋಬರಿನಲ್ಲಿ ಕೋರ್ಟು ಹಿರಿಯ ವಕೀಲ ಅಮರೇಂದ್ರ ಶರಣ್ ಅವರನ್ನು ಕಡತ ನೋಡಲು ನೇಮಿಸಿತು. ನಾಲ್ಕನೆಯ ಗುಂಡಿಗಾಗಲಿ ಎರಡನೆಯ ಕೊಲೆಗಾರನಿಗಾಗಲಿ ಆಧಾರವಿಲ್ಲ ಎಂದು ಅವರು ವರದಿ ಕೊಟ್ಟರು. 2018ರ ಮಾರ್ಚ್ 28ರಂದು ಅರ್ಜಿ ವಜಾ ಆಯಿತು. ಕಾಪೂರ್ ಮಾಡಿದ ಟಿಪ್ಪಣಿಯಿಂದ ಕ್ರಿಮಿನಲ್ ಕೋರ್ಟಿನ ತೀರ್ಪು ಬದಲಾಗುವುದಿಲ್ಲ ಎಂದೂ ಆ ಆದೇಶದಲ್ಲಿದೆ.

ನಾಲ್ಕನೆಯ ಗುಂಡಿಗೆ ಅಭಿಮಾನಿಗಳು ಸಿಗುವುದಕ್ಕೆ ಕಾರಣವಿದೆ. ಅದರಲ್ಲಿ ಒಬ್ಬ ಅಡಗಿದ ಬುದ್ಧಿವಂತನಿದ್ದಾನೆ, ಎಲ್ಲವೂ ಅವನ ಲೆಕ್ಕದಂತೆ ನಡೆಯುತ್ತದೆ. ಕಾಪೂರ್ ವರದಿಯ ಹತ್ತು ದಿನಗಳಲ್ಲಿ ಅಂಥವನು ಯಾರೂ ಸಿಗುವುದಿಲ್ಲ. ಸಿಗುವವರೆಲ್ಲ ನಿಷ್ಠೆಯ ಮನುಷ್ಯರು: ಮಾತು ಉಳಿಸಿಕೊಂಡ ಮಂತ್ರಿ, ತನ್ನ ಬಾತ್ಮೀದಾರರನ್ನು ನಂಬಿದ ಅಧಿಕಾರಿ, ರೈಲಿನಲ್ಲಿ ಕೂತ ಡಿಐಜಿ, ಮತ್ತು ಶಿವಾಜಿ ಪಾರ್ಕಿನ ಮನೆಯಲ್ಲಿ ರೇಡಿಯೋ ಕೇಳುತ್ತಿದ್ದಿರಬಹುದಾದ ಒಬ್ಬ ಮೇಷ್ಟ್ರು. ಮರುವರ್ಷ ಪ್ರಕಟವಾದ ಆ ಮೇಷ್ಟ್ರ ಪುಸ್ತಕದ ಹೆಸರು ‘ಐ ಕುಡ್ ನಾಟ್ ಸೇವ್ ಬಾಪು’.