ಹೊರಿ ಎಷ್ಟ್ ಐತಿ ಅಂತ ಫೋನಿಗೆ ಗೊತ್ತಿಲ್ಲ

1/5
ನಮ್ಮ ಕ್ಲಾಸಿನ ಅರ್ಧ ಮಂದಿ ಈಗ ಬ್ಯಾಗಿನ್ಯಾಗ ಭಾರ ಹಾಕ್ಕೊಂಡು ವಾಕಿಂಗ್ ಹೊಂಟಾರ. ರಕಿಂಗ್ ಅಂತಾರ ಇದಕ್ಕ, ರೀಲ್ಸ್‌ನ್ಯಾಗ ನೋಡಿರ್ತೀರಿ. ಸೈನ್ಯದಾಗ ಇದು ಹಳೇ ಕಸರತ್ತು. ಬೆಳಗಾವಿಯ ಮರಾಠಾ ಲೈಟ್ ಇನ್‌ಫೆಂಟ್ರಿ ಸೆಂಟರ್ ಕನಸು ಕಾಣೋ ನಮ್ಮೂರ ಹುಡುಗರಿಗೆ ಇದೇನು ಹೊಸ ಸುದ್ದಿ ಅಲ್ಲ. ಹೊಸದು ಅಂದ್ರ ವಾಕಿಂಗ್ ಮುಗಿದ ಮ್ಯಾಲೆ ಹಾಕೋ ಸ್ಕ್ರೀನ್‌ಶಾಟ್: "412 ಕ್ಯಾಲೊರಿ ಬರ್ನ್". ಅದನ್ನ ನೋಡಿ ಒಬ್ಬ ಗಿರಮಿಟ್ ಎರಡು ಪ್ಲೇಟ್ ತಿಂತಾನ. ಇನ್ನೊಬ್ಬಾಕಿ, ಇನ್ನೂ ಜಾಸ್ತಿ ಬರ್ನ್ ಆಗ್ಲಿ ಅಂತ ಮಧ್ಯಾಹ್ನದ ಡಬ್ಬಿ ತೆಗೆಯೋದೇ ಇಲ್ಲ. ಗಿರಮಿಟ್‌ನವನ ಚಿಂತಿ ನನಗಿಲ್ಲ. ಡಬ್ಬಿ ತೆಗೆಯದಾಕಿ ಸಲುವಾಗಿ ಇದನ್ನ ಬರಿಯಾಕ ಕುಂತೆ.

2/5
ಮೊದಲು ನಾನೇ ಒಂದು ಪರೀಕ್ಷೆ ಮಾಡಿದೆ. ನನ್ನ ತೂಕ 60 ಕಿಲೋ. ಹಳೇ ಪಿ.ಬಿ. ರೋಡಿನ ಕಡೆ ಒಂದು ತಾಸಿನ್ಯಾಗ 5 ಕಿಲೋಮೀಟರ್ ನಡೆದೆ, ಬರಿಗೈಲೆ. ಮರುದಿನ ಅದೇ ದಾರಿ, ಅದೇ ಹೊತ್ತು, ಬ್ಯಾಗಿನ್ಯಾಗ 5 ಕಿಲೋದ ಎರಡು ಗೋಧಿ ಹಿಟ್ಟಿನ ಪಾಕೀಟು. (ಅವ್ವ ಕೇಳಿದ್ಲು, "ಹಿಟ್ಟಿಗೆ ಗಾಳಿ ಬೇಕಿತ್ತೇನೋ?") ಆಪ್ ತೋರಿಸಿದ್ದು ಮೊದಲ ದಿನ 231, ಎರಡನೇ ದಿನ 229! 10 ಕಿಲೋ ಹೊತ್ತ ದಿನ ಎರಡು ಕಡಿಮಿ.

ಕಾರಣ ಸರಳ ಐತಿ. ಆಪ್ ನನ್ನ ಎತ್ತರ, ತೂಕ, ವಯಸ್ಸು ಕೇಳಿತ್ತು. ಉಳಿದಿದ್ದು ಹೆಜ್ಜಿ ಎಣಿಕಿ. ಬೆನ್ನ ಮ್ಯಾಲೆ ಹಿಟ್ಟು ಐತೋ ಹತ್ತಿ ಐತೋ ಅಂತ ಅದು ಕೇಳೂ ಇಲ್ಲ, ನಾ ಹೇಳೂ ಇಲ್ಲ. ಕೈಗಡಿಯಾರದ್ದೂ ಇದೇ ಕಥಿ. ಎರಡೂ ಕೈಲೆ ಬಿಂದಿಗಿ ಹಿಡಿದ್ರ ಕೈ ಬೀಸೋದು ನಿಲ್ತದ, ಹೆಜ್ಜಿನೂ ಸರಿಯಾಗಿ ಎಣಿಸೋದಿಲ್ಲ. 2017ರಾಗ ಸ್ಟ್ಯಾನ್‌ಫರ್ಡ್‌ನವರು ಏಳು ಕೈಗಡಿಯಾರ ತೊಗೊಂಡು 60 ಮಂದಿ ಮ್ಯಾಲೆ ಪರೀಕ್ಷೆ ಮಾಡಿದ್ರು. ಎದಿ ಬಡಿತ ಬಹುತೇಕ ಸರಿ ಬಂತು. ಕ್ಯಾಲೊರಿ ಮಾತ್ರ, ಇದ್ದುದರಾಗ ಚಲೋ ಗಡಿಯಾರದ್ದೇ ಸರಾಸರಿ 27 ಪರ್ಸೆಂಟ್ ತಪ್ಪು, ಕೆಟ್ಟದ್ದರದ್ದು 93. ಅಕೌಂಟೆನ್ಸಿ ಪೇಪರಿನ್ಯಾಗ 27 ಪರ್ಸೆಂಟ್ ಟ್ಯಾಲಿ ಆಗದ ಬ್ಯಾಲೆನ್ಸ್ ಶೀಟ್ ಬರೆದು ಬಂದ್ರ ಸರ್ ಏನಂತಾರ, ನೀವೇ ಹೇಳ್ರಿ. ಅಂಥಾ ಲೆಕ್ಕ ನಂಬಿ ಊಟ ಬಿಡೋದಾ?

3/5
ಹಂಗಾದ್ರ ಭಾರದ ಲೆಕ್ಕ ಯಾರೂ ಮಾಡಿಲ್ಲೇನು? ಮಾಡ್ಯಾರ. 1977ರಾಗ ಅಮೆರಿಕದ ಸೈನ್ಯದ ಸಂಶೋಧಕ ಪ್ಯಾಂಡಾಲ್ಫ್ ಮತ್ತು ಜೊತಿಗಾರರು ಒಂದು ಸೂತ್ರ ಕೊಟ್ರು. ಅದಕ್ಕ ಐದು ಸಂಗತಿ ಬೇಕು: ನಿಮ್ಮ ತೂಕ, ಹೊತ್ತ ಭಾರ, ವೇಗ, ಏರು, ಮತ್ತ ನೆಲ. ನೆಲಕ್ಕೂ ಅಂಕಿ ಐತಿ ನೋಡ್ರಿ. ಡಾಂಬರಿಗೆ 1, ಮಣ್ಣಿನ ದಾರಿಗೆ 1.1, ಸಡಿಲ ಉಸುಕಿಗೆ 2.1. ಇಳಿಜಾರಿಗೆ ಇದು ನಡಿಯಂಗಿಲ್ಲ. ಕೆಲವು ಕಡೆ ಖರ್ಚನ್ನ ಕಡಿಮಿ ತೋರಿಸ್ತದ ಅಂತ ಆಮ್ಯಾಲೆ ಬಂದ ಸಂಶೋಧನೆನೂ ಹೇಳ್ಯಾವ. ಆದರೂ ನಮ್ಮ ಆಪ್‌ಗಿಂತ ವಾಸಿ.

ಎಕ್ಸೆಲ್‌ನ್ಯಾಗ ಹಾಕಿ ನೋಡಿದೆ. ಸಮತಟ್ಟು ಡಾಂಬರ್ ಮ್ಯಾಲೆ ತಾಸಿಗೆ 5 ಕಿಲೋಮೀಟರ್ ನಡೆದ್ರ ನನಗ ಸುಮಾರು 227 ಕ್ಯಾಲೊರಿ. 10 ಕಿಲೋ ಹೊತ್ರ 255. 20 ಕಿಲೋ ಹೊತ್ರ 292. ಇದರಾಗ 77 ಬರೇ ಸುಮ್ಮನ ನಿಂತಿದ್ರೂ ಹೋಗೋದು.

ಅಂದ್ರ 10 ಕಿಲೋ ಹಿಟ್ಟು ಒಂದು ತಾಸು ಹೊತ್ತಿದ್ದಕ್ಕ ಸಿಕ್ಕಿದ್ದು 28 ಕ್ಯಾಲೊರಿ. ಒಂದು ಗ್ರಾಂ ಸಕ್ಕರಿಗೆ 4, ಹಂಗಾಗಿ 7 ಗ್ರಾಂ ಸಕ್ಕರಿ. ಸಕ್ಕರಿ ಕಾರ್ಖಾನಿ ಇರೋ ಊರಾಗ ನಾವು ಒಂದು ಚಾಕ್ಕ ಅದಕ್ಕಿಂತ ಜಾಸ್ತಿ ಸುರೀತೀವಿ! ಒಂದು ಕಿಲೋ ಕೊಬ್ಬಿಗೆ ಸುಮಾರು 7,700 ಕ್ಯಾಲೊರಿ ಅಂತ ಹಿಡಿದ್ರ, ಆ 28ರ ಲೆಕ್ಕದಾಗ 275 ದಿನ ಬೇಕು. ಭಾರ ಹೊರೋದು ವ್ಯರ್ಥ ಅಂತ ನಾ ಹೇಳಾಕತ್ತಿಲ್ಲ. ಕಾಲು, ಬೆನ್ನು ಗಟ್ಟಿ ಆಗ್ತಾವ, ದಮ್ಮು ಬರ್ತದ. ಡಬ್ಬಿ ಬಿಡೋ ಅಷ್ಟು ದೊಡ್ಡ ಅಂಕಿ ಅದರಾಗ ಇಲ್ಲ, ಅಷ್ಟೇ.

4/5
ಎಕ್ಸೆಲ್ ತೆರೆದೇ ಇತ್ತು, ಅವ್ವ ಮೇವಿನ ಹೊರಿ ಇಳಿಸಿದ್ಲು. ನಮ್ಮ ಹೊಲ ಮನಿಯಿಂದ ಒಂದೂವರೆ ಕಿಲೋಮೀಟರ್. ಎರಡು ಎಮ್ಮಿ ಅದಾವ. ಕೊಕ್ಕಿಗೆ ನೇತು ಹಾಕೋ ಸಣ್ಣ ಕಾಟಾದಾಗ ಹೊರಿ ತೂಗಿದೆ: 20 ಕಿಲೋ. ಅವ್ವನ ತೂಕ 48. (ಕಬ್ಬಿನ ಸೀಮಿ ಮಂದಿ ಕಾಟಾ ನಂಬೋದು ಕಷ್ಟ. ಅಪ್ಪ ಮತ್ತೊಮ್ಮಿ ತೂಗಿಸಿದ.)

ಮಣ್ಣಿನ ದಾರಿ, ತಾಸಿಗೆ 4 ಕಿಲೋಮೀಟರ್ ವೇಗ ಅಂತ ಹಾಕಿದೆ. ಬರಿಗೈಲೆ ಬಂದ್ರ 55 ಕ್ಯಾಲೊರಿ, ಹೊರಿ ಜೋಡಿ ಬಂದ್ರ 76. ವ್ಯತ್ಯಾಸ 21. "ಇಷ್ಟೇನಾ?" ಅಂತ ಅಪ್ಪ ನಕ್ಕ. ಅವ್ವನೂ ನಕ್ಕಳು, ಕುತ್ತಿಗಿ ತಿಕ್ಕೋತ.

ಸೂತ್ರ ಬೆನ್ನ ಮ್ಯಾಲಿನ ಭಾರಕ್ಕ ಮಾಡಿದ್ದು, ತಲಿ ಮ್ಯಾಲಿಂದಕ್ಕ ಅಲ್ಲ. ತಲಿ ಹೊರಿಯ ಲೆಕ್ಕ ಇನ್ನೂ ವಿಚಿತ್ರ ಐತಿ. ಕೀನ್ಯಾದ ಲುಓ ಹೆಣ್ಣುಮಕ್ಕಳು ತಮ್ಮ ತೂಕದ ಐದರಾಗ ಒಂದು ಪಾಲನ್ನ ತಲಿ ಮ್ಯಾಲೆ ಹೊತ್ತು ನಡೆದ್ರೂ ಶಕ್ತಿ ಖರ್ಚು ಹೆಚ್ಚಾಗ್ಲಿಲ್ಲ ಅಂತ 1986ರಾಗ 'ನೇಚರ್' ಪತ್ರಿಕೆಯೊಳಗ ಬಂದಿತ್ತು. ಆಮ್ಯಾಲೆ ದಕ್ಷಿಣ ಆಫ್ರಿಕಾದಾಗ ನೋಡಿದಾಗ ಎಲ್ಲಾರಿಗೂ ಹಂಗ ಆಗ್ಲಿಲ್ಲ. ಆಗಿದ್ರೂ ಅವ್ವಗ ಆ ರಿಯಾಯಿತಿ ಸುಮಾರು 10 ಕಿಲೋ ತನಕ. ಆಕಿ ಹೊರೋದು ಅದರ ಎರಡು ಪಟ್ಟು, ಇಪ್ಪತ್ತೆರಡು ವರ್ಷದಿಂದ.

ನಾ ಅಪ್ಪಗ ಹೇಳಿದ್ದು ಇಷ್ಟು. ಕ್ಯಾಲೊರಿ ಕ್ಯಾಶ್ ಬುಕ್ ಇದ್ದಂಗ, ಇವತ್ತಿನ ಖರ್ಚು ಮಾತ್ರ ಬರೀತದ. ಕುತ್ತಿಗಿ, ಮೊಣಕಾಲು ಡೆಪ್ರಿಸಿಯೇಷನ್. ಅದು ಕ್ಯಾಶ್ ಬುಕ್ಕಿನ್ಯಾಗ ಎಂದೂ ಬರಂಗಿಲ್ಲ, ಆದ್ರ ಮಷಿನ್ ಸವೀತದ. ಅಪ್ಪ ಈ ಸಲ ನಗಲಿಲ್ಲ. ಡಾಕ್ಟರ್ ಅವ್ವಗ ಶುಗರ್ ಸಲುವಾಗಿ ದಿನಾ ಅರ್ಧ ತಾಸು ನಡೀರಿ ಅಂದಾಗ "ಆಕಿ ಹೊಲಕ್ಕ ಹೋಗೇ ಹೋಗ್ತಾಳಲ್ರೀ" ಅಂದವ ಅವನೇ.

5/5
ಹೊರಿ ಎರಡು ಮಾಡಿ ಹತ್ತತ್ತು ಕಿಲೋ ತಾ ಅಂದೆ. ಅವ್ವ ಸಿಂಬಿ ಸುತ್ತೋತ ಕೇಳಿದ್ಲು, "ಎರಡ ಸಲ ಯಾರ ಹೋಗಬೇಕು ತಮ್ಮಾ, ರೊಟ್ಟಿ ನಿನ್ನ ಎಕ್ಸೆಲ್ ಬಡಿತೈತೇನು?" ಉತ್ತರ ಇರಲಿಲ್ಲ. ಮೂರು ಕಿಲೋಮೀಟರ್ ಹೆಚ್ಚಿಗಿ ದಾರಿ, ಮುಕ್ಕಾಲು ತಾಸು. ಅಷ್ಟು ಹೊತ್ತು ಆಕಿ ಹತ್ರ ಇಲ್ಲ.

ಈಗ ಹಿಂಗ ನಡದೈತಿ. ಅಪ್ಪ ಹೊಲಕ್ಕ ಹೋದ ದಿನ ಮೇವು ಬೈಕ್ ಮ್ಯಾಲೆ ಬರ್ತದ. ಉಳಿದ ದಿನ ಮುಂಜಾನಿ ಕಾಲೇಜಿಗಿಂತ ಮೊದಲು ನಾ ಜೋಡಿ ಹೋಗ್ತೇನಿ, ಹೊರಿ ಎರಡು ಪಾಲು. ಮೊದಲ ದಿನ ಸಿಂಬಿ ಸರಿಯಾಗಿ ಕುಂದ್ರಲಿಲ್ಲ, ಮೇವು ದಾರಿತುಂಬ ಚೆಲ್ಲಿತು. ಮೊನ್ನೆ ಪಲ್ಸರ್ ಮ್ಯಾಲೆ ಹಾಯ್ದು ಹೋಗಿ ಹಾರ್ನ್ ಹೊಡೆದ ಇಬ್ಬರು ಇದನ್ನ ಓದಾಕತ್ತಿರ್ತೀರಿ. ಹೌದು ದೋಸ್ತ, ನಾನೇ. ಫೋನ್ ಮನ್ಯಾಗಿತ್ತು, ಸ್ಕ್ರೀನ್‌ಶಾಟ್ ಇಲ್ಲ.

ಡಬ್ಬಿ ತೆಗೆಯದಾಕಿಗೆ: ನಾಳೆ ಎರಡು ರೊಟ್ಟಿ ಜಾಸ್ತಿ ತರ್ತೇನಿ, ಶೇಂಗಾ ಚಟ್ನಿ ಜೋಡಿ. ಲೈಬ್ರರಿ ಹಿಂದಿನ ಕಟ್ಟಿಗೆ ಬಾ.

ಇವತ್ತಿನ ಕಾಟಾ: ನಂದು 9 ಕಿಲೋ, ಅವ್ವಂದು 12. ಕಟ್ಟೋ ಮುಂದ ಆಕಿನೇ ನನ್ನ ಹೊರಿಯಿಂದ ಒಂದು ಹಿಡಿ ಕಿತ್ತು ತನ್ನದಕ್ಕ ಸೇರಿಸ್ತಾಳ.

#ಸಂಕೇಶ್ವರ #ಹೊರಿಲೆಕ್ಕ #ಬಿಕಾಂಬದುಕು